ಬಿಕಾಸ್ ಇಲ್ಲದ ಹೇಳಿಕೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿಯಕ್ಕನನ್ನು ಅರಿಯದವರಿಲ್ಲ. ಹೊದಿಕೆ, ಬೆಡ್‌ಶೀಟ್, ದಿಂಬಿನ ಚೀಲ ಎಲ್ಲವನ್ನೂ ಆ ದೊಡ್ಡ ಉರುಳೆ ಇಸ್ತ್ರಿಯ ಬಾಯಿಗೆ ಕೊಟ್ಟು, ಆಚೆಯಿಂದ ಎಳೆದು, ಮಡಚಿ, ಗಾಡಿಗೆ ಒಟ್ಟುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವಳು. ಉರಿಯುವ ಉರುಳೆಯ ಎರಡು ಬೆರಳು ದೂರದಲ್ಲಿ ಕೈಯಾಡಿಸುವವಳಿಗೆ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥವಳು ಆ ಬುಧವಾರ ಒಂದು ತೆಳ್ಳನೆಯ ಕಾಗದ ಹಿಡಿದುಕೊಂಡು ನಿಂತಿದ್ದಾಗ ಕಾಗದ ಪಟಪಟ ಅನ್ನುತ್ತಿತ್ತು.

ಕಾಗದದಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಏಳು ಸಾಲುಗಳಿದ್ದವು. ಅದು ಅವಳದೇ ಹೇಳಿಕೆ. ಮೂರು ವಾರದ ಹಿಂದೆ ಅದೇ ಲಾಂಡ್ರಿಯಲ್ಲಿ ಅವಳ ತಮ್ಮ ಮೇಲಿಂದ ಬಿದ್ದು ಸತ್ತಿದ್ದ. ಕಣ್ಣಾರೆ ಕಂಡವಳು ಅವಳೊಬ್ಬಳೇ. ಶುಕ್ರವಾರ ವಿಚಾರಣೆಯ ಅಧಿಕಾರಿ ಬರುತ್ತಾರೆ, ಅವರೆದುರು ಇದಕ್ಕೆ ಸಹಿ ಹಾಕಬೇಕು. ತಮ್ಮ ತನ್ನ ಅಜಾಗರೂಕತೆಯಿಂದ ಸತ್ತನೋ, ಮಾಡಬೇಕಾದವರು ಕೆಲಸ ಮಾಡದ್ದರಿಂದ ಸತ್ತನೋ, ಆ ಏಳು ಸಾಲಿನ ಮೇಲೆ ತೀರ್ಮಾನವಾಗುತ್ತದೆ.

ತಮ್ಮ ಅಲ್ಲಿಯ ಮೆಕ್ಯಾನಿಕ್ಕು. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು. ತಾಯಿ ಹೋದ ಮೇಲೆ ಇವಳೇ ತಲೆಗೆ ಎಣ್ಣೆ ಹಚ್ಚಿ, ಮೂಗು ಒರೆಸಿ, ಬೆನ್ನಿಗೆರಡು ಬಿಟ್ಟು ಬೆಳೆಸಿದ್ದಳು. ಎಲ್ಲಿ ನೋಡಿದರೂ ಏಣಿ ಮೇಲೆ, ಪೈಪಿನ ಮೇಲೆ, ಅಟ್ಟದ ಮೇಲೆ ಇರುತ್ತಿದ್ದನಾದ್ದರಿಂದ ಅವಳು ಅವನನ್ನು ಮಂಗಣ್ಣ ಅನ್ನುತ್ತಿದ್ದಳು. ಅವಳನ್ನು ನೋಡಿ ಲಾಂಡ್ರಿಯವರೆಲ್ಲ ಮಂಗಣ್ಣ ಅನ್ನತೊಡಗಿದರು. ಮದುವೆಯಾಗಿ ಎರಡು ವರ್ಷವಾದರೂ ಆ ಹೆಸರು ಅವನ ಬೆನ್ನು ಬಿಡಲಿಲ್ಲ, ಅವನಿಗೂ ಅದರಿಂದ ಬೇಜಾರಿರಲಿಲ್ಲ.

ಅಕ್ಕ, ತಮ್ಮ ಇಬ್ಬರೂ ಬುಧವಾರದ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಮೊದಲ ಪಾಳಿ ಬಿಟ್ಟ ಮೇಲೆ ಸೋಪಿನ ಪುಡಿಯ ಮೂಟೆಗಳಿಟ್ಟಿದ್ದ ಸ್ಟೋರ್ ರೂಮಿನಲ್ಲಿ ಕ್ಲಾಸು. ಕಲಿಸುವವರು ಶಾಲೆಯಿಂದ ನಿವೃತ್ತರಾದ ಒಬ್ಬ ಮೇಡಂ. ಮೂಟೆಗಳಿಗೆ ಕರಿಹಲಗೆ ಆನಿಸಿಕೊಂಡು ಪಾಠ ಮಾಡುತ್ತಿದ್ದರು. ಎರಡು ವಾಕ್ಯ ಹೇಳುವಷ್ಟರಲ್ಲಿ ನಾಲ್ಕು ಸಲ ಸೀನುತ್ತಿದ್ದರು ಪಾಪ, ಆ ಪುಡಿಯ ಘಾಟಿಗೆ.

ತೊಡಕಾದದ್ದು ವಾಕ್ಯ ಜೋಡಿಸುವ ಪಾಠದಲ್ಲಿ. ನಿನ್ನೆ ಏನು ಮಾಡಿದಿರಿ, ಇಂಗ್ಲಿಷಿನಲ್ಲಿ ಹೇಳಿ ಅಂದರು ಮೇಡಂ. ನಾವು ಕನ್ನಡದಲ್ಲಿ ಹೇಗೆ ಹೇಳುತ್ತೇವೆ? ಎದ್ದು, ಮುಖ ತೊಳೆದು, ತಿಂಡಿ ತಿಂದು, ಬಸ್ ಹಿಡಿದು ಬಂದೆ. ಕೊನೆಯ ‘ಬಂದೆ’ ಒಂದು ಬಾಯಿಗೆ ಬಂದರೆ ಮುಗಿಯಿತು, ಹಿಂದಿನವೆಲ್ಲ ಅದರ ಸೆರಗು ಹಿಡಿದುಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಹಾಗಲ್ಲವಂತೆ. ಒಂದೊಂದು ಕ್ರಿಯೆಯನ್ನೂ ಭೂತಕಾಲಕ್ಕೆ ತಿರುಗಿಸಬೇಕು. ಗೋ ಅನ್ನಬಾರದು, ವೆಂಟ್. ಈಟ್ ಅನ್ನಬಾರದು, ಏಟ್. ಅಷ್ಟಕ್ಕೂ ಬಿಡಲಿಲ್ಲ, ಎರಡರ ನಡುವೆ ಒಂದು ಜೋಡಿಸುವ ಪದ ಬೇಕು. ಆ್ಯಂಡ್, ಬಟ್, ಸೋ, ದೆನ್, ಬಿಕಾಸ್.

ತಮ್ಮ ಎದ್ದು ನಿಂತು ಗಂಭೀರವಾಗಿ ಒದರಿದ. “ಐ ಗಾಟ್ ಅಪ್ ಆ್ಯಂಡ್ ಐ ಫೆಲ್ ಆ್ಯಂಡ್ ಐ ರ್‍ಯಾನ್ ಆ್ಯಂಡ್ ಐ ಕೇಮ್ ಟು ಕ್ಲಾಸ್!”

ಮೇಡಂ ಗಾಬರಿಯಾದರು. “ಅಯ್ಯೋ, ಎಲ್ಲಿ ಬಿದ್ಯಪ್ಪ? ಏಟಾಯ್ತಾ?”

“ಬಿದ್ದಿಲ್ಲ ಮೇಡಂ, ಎದ್ದು ಬಿದ್ದು ಓಡಿ ಬಂದೆ ಅಂದದ್ದು. ಕನ್ನಡದಲ್ಲಿ ನಾವು ಸುಮ್ಮನೆ ಬೀಳ್ತೀವಿ, ಏಟಾಗಲ್ಲ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ನಗುತ್ತಲೇ ಸೀನಿ, ಮೂಗೊರೆಸಿಕೊಂಡು, ಒಂದು ಮಾತು ಹೇಳಿದರು. “ಆ್ಯಂಡ್ ಎಷ್ಟು ಬೇಕಾದ್ರೂ ಹಾಕಿ, ತೊಂದರೆ ಇಲ್ಲ. ಅದು ಎರಡನ್ನ ಪಕ್ಕಪಕ್ಕ ಕೂರಿಸುತ್ತೆ ಅಷ್ಟೆ. ಬಿಕಾಸ್ ಮಾತ್ರ ಎರಡು ಸಲ ಯೋಚನೆ ಮಾಡಿ ಹಾಕಿ. ಅದು ಬೆರಳು ಮಾಡಿ ತೋರಿಸೋ ಪದ.” ಇಸ್ತ್ರಿಯಕ್ಕ ಅದನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ತಮ್ಮ ಪಕ್ಕದಲ್ಲಿ ಕೂತು ಮೇಡಂ ಸೀನುವ ಚಿತ್ರ ಬರೆಯುತ್ತಿದ್ದ.

ಅದಾಗಿ ಎರಡು ವಾರಕ್ಕೆ ಆದದ್ದು ತಮ್ಮ ಬಿದ್ದ ಆ ಮಂಗಳವಾರದ ಕಥೆ. ಒಣಗಿಸುವ ಯಂತ್ರಗಳ ತಲೆಯ ಮೇಲೆ ಒಂದು ಕಬ್ಬಿಣದ ಅಟ್ಟ ಇದೆ. ಗಾಳಿ ಹೋಗುವ ಕೊಳವೆಯಲ್ಲಿ ಬಟ್ಟೆಯ ನಾರು ಕಟ್ಟಿಕೊಳ್ಳುತ್ತದೆ, ವಾರಕ್ಕೊಮ್ಮೆ ಅಟ್ಟ ಹತ್ತಿ ಅದನ್ನು ತೆಗೆಯದಿದ್ದರೆ ಬೆಂಕಿ ಹತ್ತುತ್ತದೆ. ಹೊಸ ಯಂತ್ರ ಇಳಿಸುವಾಗ ಅಟ್ಟದ ಒಂದು ಕಡೆಯ ರೇಲಿಂಗ್ ಕತ್ತರಿಸಿ ತೆಗೆದಿದ್ದರು. ಅದರ ಜಾಗದಲ್ಲಿ ಒಂದು ನೈಲಾನ್ ಹಗ್ಗ. ನಾಳೆ ಹಾಕ್ತೀವಿ, ನಾಡಿದ್ದು ಹಾಕ್ತೀವಿ ಅಂತ ಐದು ವಾರ ತಳ್ಳಿದ್ದರು. ತಮ್ಮನೇ ಎರಡು ಸಲ ಹೋಗಿ ಕೇಳಿ ಬಂದಿದ್ದ. ಹೇಳಿದರೆ ಕಿವಿ ಮೇಲೆ ಹಾಕಿಕೊಳ್ಳುವವರಾದರೂ ಯಾರು?

ಊಟದ ಹೊತ್ತು. ಎಲ್ಲರೂ ಹೋಗಿದ್ದರು, ತಮ್ಮ ಮಾತ್ರ ಅಟ್ಟದ ಮೇಲೆ ನಾರು ತೆಗೆಯುತ್ತಿದ್ದ. ಇಸ್ತ್ರಿಯಕ್ಕ ಊಟದ ಡಬ್ಬಿ ಕೈಯಲ್ಲಿ ಹಿಡಿದು ಕೆಳಗೆ ನಿಂತು, ಯಂತ್ರದ ಸದ್ದಿನ ಮೇಲೆ ಕೇಳಿಸಲಿ ಅಂತ ಗಂಟಲು ಹರಿಯುವಂತೆ ಕರೆದಳು. ಅವನು ತಿರುಗಿ ನೋಡಿದ. ಡಬ್ಬಿ ಯಾವಾಗ ಕೈಜಾರಿತೋ ಅವಳಿಗೆ ತಿಳಿಯಲಿಲ್ಲ.

ಅದೇ ಸಂಜೆ ಕಚೇರಿಯ ಗುಮಾಸ್ತ ಬಂದು ಕೂತು ಕೇಳಿದ್ದ. ಅವಳು ಕನ್ನಡದಲ್ಲಿ ಹೇಳಿದ್ದಳು. “ನಾನು ಊಟಕ್ಕೆ ಕರೆದೆ. ಅವನು ತಿರುಗಿ ನೋಡಿ, ನಕ್ಕು, ಒಂದು ಹೆಜ್ಜೆ ಹಿಂದಿಟ್ಟು, ಹಗ್ಗ ಕಿತ್ತುಬಂದು, ಬಿದ್ದುಬಿಟ್ಟ.” ಅಷ್ಟೆ. ಅದಕ್ಕಿಂತ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ.

ಈಗ ಬುಧವಾರ. ಕ್ಲಾಸು ಮುಗಿದ ಮೇಲೆ ಅವಳು ಮೇಡಂ ಕೈಗೆ ಆ ಕಾಗದ ಕೊಟ್ಟಳು. ಮೇಡಂ ಕನ್ನಡಕ ಏರಿಸಿಕೊಂಡು ಓದಿದರು, ಆಮೇಲೆ ಬಾಯಿಬಿಟ್ಟು ಓದಿದರು. “ಹೀ ವಾಸ್ ಮೈ ಬ್ರದರ್...”

“ವಾಸ್ ಯಾಕೆ ಮೇಡಂ?” ಇಸ್ತ್ರಿಯಕ್ಕ ಮೊದಲ ಸಾಲಿಗೇ ತಡೆದಳು. “ಈಗೇನು ಅವನು ನನ್ನ ತಮ್ಮ ಅಲ್ವಾ?”

ಮೂವತ್ತು ವರ್ಷ ವ್ಯಾಕರಣ ಕಲಿಸಿದ ಮೇಡಂ ತಲೆ ತಗ್ಗಿಸಿಕೊಂಡು ಮುಂದೆ ಓದಿದರು. “ಹೀ ಟರ್ನ್ಡ್ ಬಿಕಾಸ್ ಐ ಕಾಲ್ಡ್ ಹಿಮ್, ಸೋ ಹೀ ಲಾಸ್ಟ್ ಹಿಸ್ ಬ್ಯಾಲೆನ್ಸ್. ದ ರೋಪ್ ಬ್ರೋಕ್ ಬಿಕಾಸ್ ಹೀ ಫೆಲ್ ಆನ್ ಇಟ್.”

ಬಿಕಾಸ್ ಇಸ್ತ್ರಿಯಕ್ಕನಿಗೆ ಗೊತ್ತು. ಅದೊಂದಲ್ಲ, ಎರಡು ಸಲ ಇತ್ತು.

“ಹೀಗಂತ ಹೇಳಿದ್ಯಾ ನೀನು? ನಾನು ಕರೆದದ್ದಕ್ಕೆ ತಿರುಗಿದ, ಅದಕ್ಕೇ ಆಯ ತಪ್ಪಿದ, ಇವನು ಬಿದ್ದದ್ದಕ್ಕೆ ಹಗ್ಗ ಹರೀತು ಅಂತ?”

“ನಾನೆಲ್ಲಿ ಹೇಳಿದೆ ಮೇಡಂ! ಹಗ್ಗ ಕಿತ್ತುಬಂದು ಬಿದ್ದ ಅಂದೆ. ಅವನು ನಕ್ಕ ಅಂತಾನೂ ಅಂದೆ. ನಕ್ಕದ್ದು ಎಲ್ಲಿದೆ?”

ಮೇಡಂ ಮತ್ತೊಮ್ಮೆ ಹುಡುಕಿದರು. ನಕ್ಕದ್ದು ಇರಲಿಲ್ಲ.

ಗುಮಾಸ್ತ ಕೆಟ್ಟವನಲ್ಲ. ಅವಳು ಓಡಿಹೋಗಿ ಕೇಳಿದಾಗ ಪೆಚ್ಚುಪೆಚ್ಚಾಗಿ ನಿಂತ. “ಅಕ್ಕ, ನೀವು ಹೇಳಿದ್ದನ್ನೇ ಬರೆದೆ. ಇಂಗ್ಲಿಷಲ್ಲಿ ಮಧ್ಯೆ ಏನಾದ್ರೂ ಒಂದು ಹಾಕ್ಲೇಬೇಕಲ್ವಾ? ಕನ್ನಡದ ಥರ ಸುಮ್ನೆ ಬಿಡೋಕಾಗಲ್ಲ. ಯಾವುದು ಸರಿ ಅನಿಸ್ತೋ ಅದನ್ನ ಹಾಕಿದೆ. ಬೇಕಾದ್ರೆ ನೀವೇ ಬೇರೆ ಬರೆದುಕೊಡಿ, ಇದನ್ನ ಹರಿದುಹಾಕ್ತೀನಿ.” ಸರಿ ಅನಿಸಿದ್ದನ್ನು ಹಾಕಿದನಂತೆ! ಇನ್ನೊಬ್ಬರ ಸಾವಿನ ನಡುವೆ ಕೈಗೆ ಸಿಕ್ಕಿದ್ದನ್ನು ತುರುಕಿ, ಊಟ ಮಾಡಿ, ಹಾಯಾಗಿ ಮಲಗಿರಬೇಕು. ಅವಳಿಗೆ ಕೋಪ ನೆತ್ತಿಗೇರಿತು, ಆದರೆ ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ಆ ಮೊದಲ ಬಿಕಾಸನ್ನು ಅವಳು ಮೂರು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಕರೆಯದಿದ್ದರೆ? ಎರಡು ನಿಮಿಷ ತಡೆದು ಕರೆದಿದ್ದರೆ? ಗುಮಾಸ್ತ ಅವಳ ಹೊಟ್ಟೆಯಲ್ಲಿದ್ದದ್ದನ್ನೇ ಟೈಪು ಮಾಡಿದ್ದ, ಅಷ್ಟೆ.

ಇನ್ನೊಂದು ಭಯವೂ ಇತ್ತು. ಶುಕ್ರವಾರ ತಮ್ಮನ ಹೆಂಡತಿ ವಿಚಾರಣೆಗೆ ಬರುತ್ತಾಳೆ. ಇಸ್ತ್ರಿಯಕ್ಕ ದೂರದಿಂದ ಕಂಡಳು ಅಂತಷ್ಟೇ ಅವಳಿಗೆ ಗೊತ್ತು, ಕೆಳಗೆ ನಿಂತು ಕರೆದ ಸಂಗತಿ ತಿಳಿಯದು. ಹೇಳಬೇಕು ಅಂತ ಇಸ್ತ್ರಿಯಕ್ಕ ದಿನಾ ಅವಳ ಮನೆ ಮೆಟ್ಟಿಲು ಹತ್ತಿ, ಆ ಮುಖ ನೋಡಿ, ಮಾತು ನುಂಗಿಕೊಂಡು ಬಂದಿದ್ದಳು. ತನಗೆ ಗಂಡ ಇಲ್ಲ, ಮಕ್ಕಳಿಲ್ಲ, ತಮ್ಮ ಹೋದ. ಈ ಭೂಮಿಯ ಮೇಲೆ ಅವಳಿಗೆ ನನ್ನವಳು ಅಂತ ಉಳಿದದ್ದು ಆ ಹುಡುಗಿಯೊಬ್ಬಳೇ. ನೀವು ಕರೆದು ನನ್ನ ಗಂಡನನ್ನ ಕೊಂದ್ರಿ ಅಂದುಬಿಟ್ಟರೆ ಎಲ್ಲಿಗೆ ಹೋಗುವುದು?

ಗುರುವಾರ ಸ್ಟೋರ್ ರೂಮಿನಲ್ಲಿ ಮೇಡಂ, ಅವಳು ಇಬ್ಬರೇ ಕೂತು ಹೊಸ ಹೇಳಿಕೆ ಬರೆದರು. ನೀನೇ ಬರಿ, ನಿನ್ನ ಮಾತು ನಿನ್ನ ಕೈಯಲ್ಲಿರಲಿ ಅಂದರು ಮೇಡಂ. ಕರೆದ ಸಾಲಿಗೆ ಬಂದಾಗ ಪೆನ್ನು ನಿಂತಿತು.

“ಕರೆದದ್ದು ಬಿಡು,” ಅಂದರು ಮೇಡಂ ಮೆತ್ತಗೆ. “ಅದನ್ನ ಹಾಕಿದ್ರೆ ಅವರು ಅದೊಂದನ್ನೇ ಹಿಡ್ಕೋತಾರೆ. ರೇಲಿಂಗ್ ಮಾತು ಮೂಲೆಗೆ ಹೋಗುತ್ತೆ. ನಾಳೆ ಇನ್ನೊಬ್ಬ ಹತ್ತಿದಾಗ ಅಲ್ಲಿ ಮತ್ತೆ ಹಗ್ಗವೇ ಇರುತ್ತೆ.”

“ಸುಳ್ಳಾಗಲ್ವಾ ಮೇಡಂ?”

“ಸುಳ್ಳು ಹೇಳ್ತಿಲ್ಲ. ಒಂದು ಮಾತು ಹೇಳ್ತಿಲ್ಲ ಅಷ್ಟೆ.”

ಕರೆದದ್ದನ್ನು ತೆಗೆದರೆ ತಿರುಗಿದ್ದನ್ನೂ ತೆಗೆಯಬೇಕು, ತಿರುಗಿದ್ದನ್ನು ತೆಗೆದರೆ ನಕ್ಕದ್ದಕ್ಕೆ ಜಾಗವೇ ಇಲ್ಲ. ಸುಮ್ಮಸುಮ್ಮನೆ ಅಟ್ಟದ ಮೇಲೆ ನಿಂತು ಯಾರು ನಗುತ್ತಾರೆ? ಕೊನೆಗೆ ಮೂರನ್ನೂ ಬಿಟ್ಟಳು. ತಮ್ಮನ ಹೆಸರು ಉಳಿಯಲಿ ಅಂತ ಬಿಟ್ಟಳು, ಮುಂದೆ ಹತ್ತುವವರು ಬದುಕಲಿ ಅಂತ ಬಿಟ್ಟಳು. ನಿಜ ಹೇಳಬೇಕೆಂದರೆ ತನಗೋಸ್ಕರವೂ ಬಿಟ್ಟಳು. ದುಂಡು ಅಕ್ಷರದಲ್ಲಿ ಬರೆದ ಆ ಹೇಳಿಕೆಯಲ್ಲಿ ಕೊನೆಗೆ ಉಳಿದದ್ದು ಇಷ್ಟು: ಅಲ್ಲಿ ರೇಲಿಂಗ್ ಇರಲಿಲ್ಲ, ಅವನು ಒಂದು ಹೆಜ್ಜೆ ಹಿಂದಿಟ್ಟ, ಹಗ್ಗ ಕಿತ್ತುಬಂತು, ಅವನು ಬಿದ್ದ. ಎಲ್ಲ ಭೂತಕಾಲ, ನಡುವೆ ಬರೀ ಆ್ಯಂಡ್. ಒಂದು ತಪ್ಪೂ ಇಲ್ಲ, ನೂರಕ್ಕೆ ನೂರು ಅಂದರು ಮೇಡಂ, ಆಮೇಲೆ ಯಾಕಾದರೂ ಅಂದೆನೋ ಅನ್ನುವಂತೆ ನಾಲಿಗೆ ಕಚ್ಚಿಕೊಂಡರು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ವಿಚಾರಣೆ. ಉದ್ದನೆಯ ಮೇಜು, ನೀರಿನ ಲೋಟದ ಮೇಲೆ ಮುಚ್ಚಳ, ಗೋಡೆಗೆ ಆನಿಸಿದ ಬೆಂಚಿನಲ್ಲಿ ತಮ್ಮನ ಹೆಂಡತಿ. ಅಧಿಕಾರಿ ಮಾತಿನಲ್ಲಿ ಸಭ್ಯ ಮನುಷ್ಯ, ಕನ್ನಡ ಬರದು. ಇಸ್ತ್ರಿಯಕ್ಕ ಎದ್ದು ನಿಂತು ತಾನೇ ಬರೆದದ್ದನ್ನು ಇಂಗ್ಲಿಷಿನಲ್ಲಿ ಓದಿದಳು. ದನಿ ಒಡೆಯಲಿಲ್ಲ. ಅಧಿಕಾರಿ ತಲೆದೂಗಿ, ಬರೆದುಕೊಂಡು, ಪೆನ್ನು ಎತ್ತಿ ಒಂದೇ ಒಂದು ಪ್ರಶ್ನೆ ಕೇಳಿದರು. “ವಾಸ್ ಎನಿವನ್ ವಿತ್ ಹಿಮ್?”

ಅವನ ಜೊತೆ ಯಾರಾದರೂ ಇದ್ದರೇ? ಅಟ್ಟದ ಮೇಲೆ ಯಾರೂ ಇರಲಿಲ್ಲ, ಅದು ಸತ್ಯ.

“ನೋ ಸರ್. ಹೀ ವಾಸ್ ಅಲೋನ್.”

ಬೆಂಚಿನ ಮೇಲೆ ತಮ್ಮನ ಹೆಂಡತಿ ತಟ್ಟನೆ ತಲೆಯೆತ್ತಿದ್ದು ಅವಳಿಗೆ ಕಂಡಿತು. ಆ ಹುಡುಗಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಅಲೋನ್ ಎಂಬ ಪದ ಯಾರಿಗೆ ಬರುವುದಿಲ್ಲ?

ತೀರ್ಪು ಬರಲು ಹತ್ತು ದಿನವೂ ಹಿಡಿಯಲಿಲ್ಲ. ಕೆಲಸಗಾರನ ತಪ್ಪು ಎಳ್ಳಷ್ಟೂ ಇಲ್ಲ, ರೇಲಿಂಗ್ ಇಲ್ಲದ್ದೇ ಕಾರಣ ಅಂತ ಬಂತು. ನಾಲ್ಕು ದಿನದಲ್ಲಿ ಅಟ್ಟಕ್ಕೆ ಹೊಸ ರೇಲಿಂಗ್ ಬಂತು, ಅದಕ್ಕೆ ಹಳದಿ ಬಣ್ಣವೂ ಬಂತು. ಲಾಂಡ್ರಿಯ ಹೆಂಗಸರು ಇಸ್ತ್ರಿಯಕ್ಕನ ಕೈ ಹಿಡಿದುಕೊಂಡರು. “ಇಂಗ್ಲಿಷಲ್ಲೇ ಹೇಳಿ ಗೆದ್ದುಬಿಟ್ಟೆ ಕಣೇ,” ಅಂದರು. ಅವಳು ಹೂಂಗುಟ್ಟಿದಳು. ಹಳದಿ ಕಂಬಿ ಕಣ್ಣಿಗೆ ಬಿದ್ದಾಗೆಲ್ಲ ಮುಖ ತಿರುಗಿಸಿಕೊಂಡು ಬೆಡ್‌ಶೀಟು ಎಳೆಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ತಮ್ಮನ ಮನೆಗೆ ಹೋದಳು. ಎರಡು ಕೋಣೆಯ ಮನೆ. ಒಲೆ ಹಚ್ಚಿರಲಿಲ್ಲ. ಮಂಚದ ಮೇಲೆ ತಮ್ಮನ ಅಂಗಿಗಳೆಲ್ಲ ರಾಶಿ ಬಿದ್ದಿದ್ದವು, ಆ ಹುಡುಗಿ ಅದರ ಪಕ್ಕ ನೆಲದಲ್ಲಿ ಕೂತಿದ್ದಳು. ಇಪ್ಪತ್ತಾರರ ಹುಡುಗಿಯ ಕೆನ್ನೆ ಒಳಗೆ ಹೋಗಿತ್ತು. ಇಸ್ತ್ರಿಯಕ್ಕ ಸುಮ್ಮನೆ ಕೂತು ಒಂದೊಂದೇ ಅಂಗಿ ಮಡಚತೊಡಗಿದಳು. ಅವಳಿಗೆ ತಿಳಿದ ಸಮಾಧಾನ ಅದೊಂದೇ.

“ಏನಾದ್ರೂ ತಿಂದ್ಯಾ?”

“ಇಲ್ಲ ಅತ್ತಿಗೆ.”

“ಹೀಗಾದ್ರೆ ಹೇಗೆ ಹೇಳು. ಅವನ ತಪ್ಪಿಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ, ಅಷ್ಟಾದ್ರೂ ಆಯ್ತಲ್ಲ.”

“ಅದಲ್ಲ ಅತ್ತಿಗೆ. ಅಲೋನ್ ಅಂದ್ರಲ್ಲ ನೀವು ಅವತ್ತು.” ಹುಡುಗಿ ಅಂಗಿಯ ಗುಂಡಿಯೊಂದನ್ನು ತಿರುವುತ್ತಿದ್ದಳು. “ಅದೇ ಮನಸ್ಸಲ್ಲಿ ಕೂತುಬಿಟ್ಟಿದೆ. ಅವರಿಗೆ ಒಬ್ಬರೇ ಇರೋದು ಅಂದ್ರೆ ಆಗ್ತಾನೇ ಇರ್ಲಿಲ್ಲ. ಸ್ನಾನಕ್ಕೆ ಹೋದ್ರೂ ಒಳಗಿಂದ ಮಾತಾಡ್ತಾನೇ ಇರೋರು. ಕೊನೆಗೆ ಒಂದು ನರಪಿಳ್ಳೆ ಜೊತೇಲಿ ಇಲ್ದೆ, ಯಾರ ಮುಖಾನೂ ನೋಡದೆ, ಯಾರ ಜೊತೆಗೂ ಒಂದು ಮಾತಾಡದೆ ಹೋದ್ರಲ್ಲಾ... ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ.”

ಇಸ್ತ್ರಿಯಕ್ಕನ ಕೈ ಅಂಗಿಯ ಮೇಲೆ ನಿಂತಿತು. ಇವಳನ್ನು ಕಳೆದುಕೊಳ್ಳಬಾರದೆಂದು ಬಿಟ್ಟ ಮಾತೇ ಇವಳನ್ನು ತಿನ್ನುತ್ತಿತ್ತು. ಸುಮ್ಮನಿದ್ದರೆ ಈ ಹುಡುಗಿ ತನ್ನವಳಾಗಿಯೇ ಉಳಿಯುತ್ತಾಳೆ, ಆದರೆ ಹೀಗೇ ಕರಗಿ ಹೋಗುತ್ತಾಳೆ. ಹೇಳಿದರೆ ಇವಳು ಉಳಿಯಬಹುದು, ತನಗೆ ಉಳಿಯಲಿಕ್ಕಿಲ್ಲ.

“ಒಬ್ಬನೇ ಇರ್ಲಿಲ್ಲ ಕಣೇ.”

ಹುಡುಗಿ ನೋಡಿದಳು.

“ನಾನಿದ್ದೆ ಕೆಳಗೆ. ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಊಟಕ್ಕೆ ಕರೆದೆ. ಅವನು ತಿರುಗಿ ನನ್ನ ಮುಖ ನೋಡಿ, ನಕ್ಕು, ಒಂದು ಹೆಜ್ಜೆ ಹಿಂದಿಟ್ಟು...”

“ನೀವು ಕರೆದದ್ದಕ್ಕಾ?”

ಕನ್ನಡದಲ್ಲಿ ಆ ಬೆರಳು ತೋರಿಸುವ ಪದ ಇಲ್ಲ ಅಂದುಕೊಂಡಿದ್ದಳಲ್ಲ, ಮಹರಾಯಿತಿ. ಇಲ್ಲದೆ ಏನು? ಕರೆದದ್ದಕ್ಕೆ. ಕ್ರಿಯಾಪದದ ಬಾಲದಲ್ಲೇ ತೆಪ್ಪಗೆ ಕೂತಿತ್ತು, ಕೇಳುವವರು ಕೇಳಿದಾಗ ಎದ್ದು ಬಂತು.

“ಹೌದು,” ಅಂದಳು ಇಸ್ತ್ರಿಯಕ್ಕ. “ನಾನು ಕರೆದದ್ದಕ್ಕೆ ತಿರುಗಿದ. ರೇಲಿಂಗ್ ಇಲ್ಲದ್ದಕ್ಕೆ ಬಿದ್ದ. ಎರಡೂ ಹೌದು. ಯಾವುದು ಎಷ್ಟು ಅಂತ ನಂಗೊತ್ತಿಲ್ಲ ಕಣಮ್ಮ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ನನ್ನ ತಪ್ಪು.”

ಹುಡುಗಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದಾಯಿತು. ನೀರು ಸುರಿಯುತ್ತಲೇ ಇತ್ತು. ಇಸ್ತ್ರಿಯಕ್ಕ ಚಪ್ಪಲಿಯ ಕಡೆ ನೋಡಿದಳು. ಈಗ ಹೊರಡು ಅನ್ನುತ್ತಾಳೆ, ಅನ್ನಲಿ, ಅನ್ನಿಸಿಕೊಂಡೇ ಹೋಗುತ್ತೇನೆ ಅಂದುಕೊಂಡು ಕೂತಲ್ಲೇ ಕೂತಿದ್ದಳು. ಕಣ್ಣಿಂದ ನೀರು ಇಳಿದು ಅಂಗಿಯ ಮೇಲೆ ಬೀಳುತ್ತಿತ್ತು.

ನಲ್ಲಿ ನಿಂತಿತು. ಹುಡುಗಿ ಬಾಗಿಲಲ್ಲಿ ನಿಂತಳು. ಮುಖ ಒರೆಸಿಕೊಂಡಿರಲಿಲ್ಲ, ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಏನಂತ ಕರೆದ್ರಿ?”

“ಆಂ?”

“ಅವರನ್ನ. ಏನಂತ ಕರೆದ್ರಿ ಅತ್ತಿಗೆ?”

“ಲೋ ಮಂಗಣ್ಣಾ, ಇಳಿಯೋ ಕೆಳಗೆ, ಊಟ ತಣ್ಣಗಾಗ್ತಿದೆ ಅಂತ.” ಪಿಸುಗುಟ್ಟಿದಂತೆ ಹೇಳಿದಳು.

“ಹಾಗಲ್ಲ. ಅಲ್ಲಿ ಮಷೀನ್ ಸದ್ದಿತ್ತಲ್ಲ. ಅವರಿಗೆ ಕೇಳಿಸೋ ಹಾಗೆ ಕರೀರಿ.”

“ಬೇಡ ಕಣೇ. ನನ್ನ ಕೈಲಾಗಲ್ಲ.”

“ಕರೀರಿ ಅತ್ತಿಗೆ.”

ಇಸ್ತ್ರಿಯಕ್ಕ ಮಂಚ ಹಿಡಿದುಕೊಂಡು ಎದ್ದಳು. ಎರಡು ಕೋಣೆಯ ಆ ಮನೆಯ ನಡುವೆ ನಿಂತು, ತಲೆಯೆತ್ತಿ, ಸೂರಿನ ಕಡೆ ನೋಡಿಕೊಂಡು, ಗಂಟಲು ಹರಿಯುವಂತೆ ಕರೆದಳು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಹುಡುಗಿ ಕಣ್ಣು ಮುಚ್ಚಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದಳು.

“ಆಮೇಲೆ ನಕ್ಕರಾ?”

“ನಕ್ಕ.”

“ಇನ್ನೊಂದ್ಸಲ ಕರೀರಿ.”

ಇಸ್ತ್ರಿಯಕ್ಕ ಇನ್ನೊಂದು ಸಲ ಕರೆದಳು.